ಬಳುವಳಿ ಆಕಳ ರಕ್ತಪರೀಕ್ಷೆ

2019ರಲ್ಲಿ ನಾನು ಹುಬ್ಬಳ್ಳಿ ತಾಲೂಕಿನ ಒಂದು ಸರ್ಕಾರಿ ಪಶು ಚಿಕಿತ್ಸಾಲಯದಲ್ಲಿ ಪಶುವೈದ್ಯಾಧಿಕಾರಿಯಾಗಿದ್ದೆ. ಸುಳ್ಳ ಗ್ರಾಮದಿಂದ ಮುಂದೆ ಹೋದರೆ ಸಿಗುವ ಊರು ಅಂದುಕೊಳ್ಳಿ. ಹೆಸರು ಹೇಳುವುದಿಲ್ಲ, ಜನರ ಹೆಸರುಗಳನ್ನೂ ಬದಲಿಸಿದ್ದೇನೆ. ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ಅಷ್ಟು ವರ್ಷ ಈ ಕೆಲಸದಲ್ಲಿದ್ದವನಿಗೆ ಒಂದು ರೋಗ ತಗಲುತ್ತದೆ. ದನಗಳ ಮೇಲಿನ ಗೌರವ ಏರುತ್ತಾ ಹೋಗುತ್ತದೆ, ಅವುಗಳ ಹಗ್ಗ ಹಿಡಿದು ಬರುವವರ ಮೇಲಿನ ಗೌರವ ಇಳಿಯುತ್ತಾ ಹೋಗುತ್ತದೆ. ನನಗೆ ಆ ರೋಗ ಬಲಿತಿತ್ತು. ಈಗಲೂ ವಾಸಿಯಾಗಿಲ್ಲ.

ಜೂನ್ ತಿಂಗಳ ಒಂದು ಮುಂಜಾನೆ ಈರನಗೌಡರು ಬಂದರು. ಎರೆಹೊಲ ಸಾಕಷ್ಟಿತ್ತು, ಹತ್ತಿ ಮತ್ತು ಮೆಣಸಿನಕಾಯಿಯ ವ್ಯಾಪಾರವೂ ಇತ್ತು. ನಾನು ಎದ್ದು ನಿಂತಿದ್ದರೆ ನನ್ನ ಕುರ್ಚಿಯಲ್ಲೇ ಕೂಡುವ ಅಭ್ಯಾಸ ಅವರಿಗೆ. ಅವತ್ತೂ ಹಾಗೇ ಕೂತರು.

"ಸಾಹೇಬ್ರ, ನಮ್ಮ ಬಳುವಳಿ ಆಕಳಾ ಗೊಡ್ಡ ಐತಿ ಅಂತ ಒಂದ ಸರ್ಟಿಫಿಕೇಟ್ ಬರದ ಕೊಡ್ರಿ. ಶಿಕ್ಕಾ ಒತ್ತಿರಬೇಕ ನೋಡ್ರಿ."

ನಮ್ಮ ಕಡೆ ಮಗಳ ಮದುವೆಯಲ್ಲಿ ತವರಿನವರು ಆಕೆಯ ಜೊತೆಗೆ ಒಂದು ಆಕಳನ್ನು ಕಳಿಸುವ ರೂಢಿ ಹಲವು ಮನೆಗಳಲ್ಲಿದೆ. ಅದೇ ಬಳುವಳಿ ಆಕಳು. ಸಾಮಾನ್ಯವಾಗಿ ಅದು ಮಣಕ, ಅಂದರೆ ಇನ್ನೂ ಈಯದ ಹರೆಯದ ಹಸು. ಸೊಸೆಯೂ ಮಣಕವೂ ಒಂದೇ ದಿನ ಹೊಸ ಮನೆಯ ಹೊಸ್ತಿಲು ಕಾಣುತ್ತವೆ. ಇಬ್ಬರಿಂದಲೂ ಮನೆಯವರು ಬಯಸುವುದು ಒಂದೇ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಹೇಳುವ ಅಗತ್ಯವೂ ಇರುವುದಿಲ್ಲ.

ಸರ್ಟಿಫಿಕೇಟ್ ಯಾಕೆ ಬೇಕು ಅಂತ ಕೇಳಿದೆ.

"ಸೋಮವಾರ ಹಿರ್ಯಾರನ್ನ ಕೂಡಸಾಕತ್ತೇನ್ರಿ. ಬೀಗರು ಮೋಸಾ ಮಾಡ್ಯಾರ. ಗೊಡ್ಡ ಆಕಳಾ ಕೊಟ್ರು, ಮಗಳನ್ನೂ ಹಂಗ ಕೊಟ್ರು. ಮೂರ ವರ್ಷಾತು, ಅದೂ ಗಬ್ಬ ಆಗಿಲ್ಲ, ಇಕಿಗೂ ಏನೂ ಇಲ್ಲ. ಎರಡನ್ನೂ ಒಂದ ಗಾಡ್ಯಾಗ ವಾಪಸ್ ಕಳಿಸಿ, ಮಗಗ ಬ್ಯಾರೆ ನೋಡೂದೈತಿ."

ಎಷ್ಟು ಸಲೀಸಾಗಿ ಹೇಳಿದರೆಂದರೆ, ಒಂದು ಕ್ಷಣ ಯಾವ 'ಅದು', ಯಾವ 'ಇಕಿ' ಅಂತ ನನಗೇ ಗೊಂದಲವಾಯಿತು. ಅವರ ಸೊಸೆ ಸವಿತಾಗೆ ಆಗ ಇಪ್ಪತ್ತಮೂರು ವರ್ಷ. ಪಿಯುಸಿ ಮುಗಿಸಿದ್ದಳು. ಗೌಡರ ಒಬ್ಬನೇ ಮಗ ಮಂಜುನಾಥನಿಗೆ ಇಪ್ಪತ್ತೇಳು. ಎತ್ತರದ, ಮೆತ್ತಗಿನ, ಅಪ್ಪ ಕೆಮ್ಮಿದರೂ ಎದ್ದು ನಿಲ್ಲುವಂಥ ಹುಡುಗ.

ನಾನು ರಿಜಿಸ್ಟರ್ ತೆಗೆದೆ. ಆಕಳ ಹೆಸರು ಗೌರಿ, ವಿದೇಶಿ ಎಚ್‌ಎಫ್ ಮಿಶ್ರತಳಿ. ಎರಡೂವರೆ ವರ್ಷದಲ್ಲಿ ನಮ್ಮದೇ ಆಸ್ಪತ್ರೆಯಿಂದ ಜಂತಿನ ಔಷಧ, ಖನಿಜ ಮಿಶ್ರಣ, ಬೆದೆ ಬರಿಸುವ ಹಾರ್ಮೋನ್ ಇಂಜೆಕ್ಷನ್, ಆಮೇಲೆ ಮೂರು ಸಲ ಕೃತಕ ಗರ್ಭಧಾರಣೆ. ಎಲ್ಲಕ್ಕೂ ನನ್ನ ಸಹಿ ಇತ್ತು. 'ತಪಾಸಣೆ' ಎಂಬ ಕಾಲಮ್ಮಿನಲ್ಲಿ ಮೂರೂ ಸಲ ಒಂದೊಂದು ಗೀಟು ಎಳೆಯಲಾಗಿತ್ತು. ಅದರರ್ಥ ಯಾರೂ ಕೈಹಾಕಿ ನೋಡಿರಲಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಆ ಗಾದೆ ಯಾರನ್ನು ನೋಡಿ ಹುಟ್ಟಿತು ಅಂತ ನನಗೆ ಅವತ್ತು ಗೊತ್ತಾಯಿತು. ಗೌಡರ ಮೇಲೆ ಬಂದ ಸಿಟ್ಟಿನ ಅರ್ಧಭಾಗ ನನ್ನ ಪಾಲಿಗೆ ಬಂತು.

"ನೋಡದ ಬರದ ಕೊಡೂದಿಲ್ರಿ ಗೌಡ್ರ. ನಾಳೆ ಮನಿಗೆ ಬರ್ತೇನಿ," ಅಂದೆ.

ಮರುದಿನ ಹೋದೆ. ಗೌರಿ ದಷ್ಟಪುಷ್ಟವಾಗಿತ್ತು. ಎತ್ತಿನಂಥ ಭುಜ, ದಪ್ಪ ಕುತ್ತಿಗೆ, ಕೆಚ್ಚಲು ಮಾತ್ರ ಎಳೆಗರುವಿನದಷ್ಟು. ಅದನ್ನು ನೋಡಿದಾಗಲೇ ಅನುಮಾನ ಬರಬೇಕಿತ್ತು. ಕೈಗವಸು ಹಾಕಿ ಒಳಗೆ ನೋಡಿದೆ. ಗರ್ಭಕೋಶ ಇರಬೇಕಾದಲ್ಲಿ ದಾರದಂಥ ಎರಡು ಎಳೆಗಳಿದ್ದವು, ಅಷ್ಟೇ. ಯೋನಿಮಾರ್ಗ ಗೇಣಿಗಿಂತ ಕಡಿಮೆ ಉದ್ದವಿದ್ದು ಮುಂದೆ ಮುಚ್ಚಿಕೊಂಡಿತ್ತು. ಈ ಪ್ರಾಣಿಗೆ ಮೂರು ಸಲ ವೀರ್ಯದ ಕಡ್ಡಿ ಹಾಕಿದ್ದೇವೆ ಅಂತ ನಾವು ಸರ್ಕಾರಕ್ಕೆ ಲೆಕ್ಕ ಕಳಿಸಿದ್ದೆವು!

ಇದಕ್ಕೆ ಪಶುವೈದ್ಯದಲ್ಲಿ ಫ್ರೀಮಾರ್ಟಿನ್ ಅನ್ನುತ್ತಾರೆ. ಆಕಳು ಅವಳಿ ಕರು ಹಾಕುವುದೇ ಅಪರೂಪ. ಆ ಅವಳಿಯಲ್ಲಿ ಒಂದು ಹೋರಿ, ಇನ್ನೊಂದು ಹೆಣ್ಣಾದರೆ, ಹೆಣ್ಣುಗರುವಿಗೆ ಬಹುಪಾಲು ಈ ಗತಿ. ಗರ್ಭದಲ್ಲಿರುವಾಗ ಎರಡೂ ಮಾಸುಗಳ ರಕ್ತನಾಳಗಳು ಒಂದಕ್ಕೊಂದು ಕೂಡಿಕೊಂಡು, ಒಂದರ ರಕ್ತ ಇನ್ನೊಂದಕ್ಕೆ ಹರಿಯುತ್ತದೆ. ಗಂಡುಭ್ರೂಣದಲ್ಲಿ, ಗರ್ಭಕೋಶ ಬೆಳೆಯದಂತೆ ತಡೆಯುವ ಒಂದು ಹಾರ್ಮೋನ್ ಹುಟ್ಟುತ್ತದೆ. ತನ್ನ ಮೈಯಲ್ಲಿ ಅದು ಮಾಡಬೇಕಾದ ಕೆಲಸವೇ ಅದು. ಆದರೆ ರಕ್ತದ ಜೊತೆ ಅದು ತಂಗಿಯ ಮೈಗೂ ಹೋಗಿ ಅಲ್ಲಿಯೂ ಅದೇ ಕೆಲಸ ಮಾಡಿಬಿಡುತ್ತದೆ. ಇಂಥ ಹತ್ತು ಹೆಣ್ಣುಗರುಗಳಲ್ಲಿ ಒಂಬತ್ತಕ್ಕೂ ಹೆಚ್ಚು ಎಂದೂ ಗಬ್ಬವಾಗುವುದಿಲ್ಲ. ಅಣ್ಣನ ರಕ್ತಕೋಶಗಳು ಸಾಯುವತನಕ ಅವುಗಳ ಮೈಯಲ್ಲಿ ಉಳಿದಿರುತ್ತವೆ. ರಕ್ತದ ಕ್ರೋಮೋಸೋಮ್ ಪರೀಕ್ಷೆ ಮಾಡಿಸಿದರೆ ಹೆಣ್ಣಿನ ಕೋಶಗಳ ನಡುವೆ ಗಂಡಿನ ಕೋಶಗಳೂ ಕಾಣುತ್ತವೆ. ಅದೇ ಪಕ್ಕಾ ಸಾಕ್ಷಿ.

"ಗೌಡ್ರ, ಇದು ಅವಳಿ ಹುಟ್ಟಿದ್ದೇನ್ರಿ?"

"ನಮಗೇನ ಗೊತ್ರಿ? ಬೀಗರನ್ನ ಕೇಳೂಣು." ಗೌಡರು ಅಲ್ಲೇ ಫೋನ್ ಹಚ್ಚಿದರು. ಸವಿತಾಳ ಅಪ್ಪ ಚನ್ನಪ್ಪನ ಧ್ವನಿ ಅಂಗಳಕ್ಕೆಲ್ಲ ಕೇಳಿಸಿತು. "ಇಲ್ರಿ ಬೀಗರ, ಒಂದ ಹುಟ್ಟಿತ್ರಿ, ಒಂದ." ಎರಡು ಸಲ 'ಒಂದ' ಅಂದ.

ಸವಿತಾ ಹಿಂಡಿ ಕಲಸಿದ ಬಕೀಟು ಹಿಡಿದುಕೊಂಡು ಮೂರು ಮಾರು ದೂರದಲ್ಲಿ ನಿಂತಿದ್ದಳು. ಆ ಆಕಳಿಗೆ ಹುಟ್ಟಿದಾಗಿನಿಂದ ಮೇವು ಹಾಕಿದವಳು ಅವಳು. ಅವಳನ್ನು ಗೌಡರು ಕೇಳಲಿಲ್ಲ. ನಾನೂ ಕೇಳಲಿಲ್ಲ. ರೋಗಿಯ ಪೂರ್ವವೃತ್ತಾಂತವನ್ನು ಅದನ್ನು ಸಾಕಿದವರಿಂದಲೇ ಕೇಳಬೇಕು ಅನ್ನುವುದು ನಮಗೆ ಮೊದಲ ವರ್ಷದಲ್ಲೇ ಕಲಿಸುವ ಪಾಠ. ನಾನು ಅದನ್ನು ಹತ್ತಿಯ ವ್ಯಾಪಾರಿಯಿಂದ ಕೇಳಿ ಬರೆದುಕೊಂಡೆ.

ಕುತ್ತಿಗೆಯ ನಾಳದಿಂದ ರಕ್ತ ತೆಗೆದೆ, ಹೆಪ್ಪುಗಟ್ಟದಂತೆ ಹೆಪಾರಿನ್ ಇದ್ದ ನಳಿಕೆಗೆ ಹಾಕಿದೆ. ಅಷ್ಟರಲ್ಲಿ ಮನೆಯವರು, ಆಳುಗಳು, ಪಕ್ಕದ ಮನೆಯವರು ಸೇರಿದರು. ಜನ ಸೇರಿದರೆ ನನಗೆ ಭಾಷಣದ ಚಟ. ದನಕ್ಕೆ ಗುರುತು ಹಾಕುವ ಸೀಮೆಸುಣ್ಣದಿಂದ ಕೊಟ್ಟಿಗೆಯ ಬಾಗಿಲ ಮೇಲೆ ದೊಡ್ಡದಾಗಿ XX, XY ಅಂತ ಬರೆದೆ. ಆಕಳಿಗೆ ಅರವತ್ತು ಕ್ರೋಮೋಸೋಮ್, ಮನುಷ್ಯನಿಗೆ ನಲವತ್ತಾರು. ಅದರಲ್ಲಿ ಲಿಂಗ ನಿರ್ಧರಿಸುವ ಜೋಡಿ ಒಂದು. ಹೆಣ್ಣಿಗೆ ಎರಡು X, ಗಂಡಿಗೆ ಒಂದು X, ಒಂದು Y. ಗೌರಿಯ ರಕ್ತದಲ್ಲಿ ಎರಡೂ ಬಗೆಯ ಕೋಶಗಳಿರಬಹುದು, ಅದನ್ನು ಲ್ಯಾಬಿನವರು XX/XY ಅಂತ ಬರೆಯುತ್ತಾರೆ. ಹೀಗೆಲ್ಲ ಹೇಳಿದೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋದೆ.

"ಹೋರಿ ಕ್ರೋಮೋಸೋಮ್ ತಪಾಸಣಿ ಆಗದ ಒಂದ ಹನಿ ವೀರ್ಯಾನೂ ಕೇಂದ್ರದಿಂದ ಹೊರಗ ಬರೂದಿಲ್ಲ. ಹೋರಿನ್ನ ನೋಡದ, ಆಕಳಿಗೆ ಹೆಸರಿಡೂ ರೂಢಿ ನಮ್ಮ ಇಲಾಖೆದಾಗಿಲ್ಲ," ಅಂದೆ. ಗೌಡರ ಮಗನನ್ನು ಕುರಿತು ಚುಚ್ಚಿದ ಮಾತು ಅದು. ಯಾರಿಗಾದರೂ ನಾಟಲಿ ಅಂತಲೇ ಅಂದದ್ದು. ಗೌಡರು ಹಲ್ಲುಕಡ್ಡಿ ಹುಡುಕುತ್ತಿದ್ದರು.

ಅವರ ಹೆಂಡತಿ ನೀಲಮ್ಮ ಮಾತ್ರ ಯಾಕೋ ಗಡಬಡಿಸಿ, "ಸಾಕ್ ಬಿಡ್ರಿ ಸಾಹೇಬ್ರ, ಚಹಾ ಆರಾಕತ್ತೇತಿ, ಆ ಬಾಗಲಾ ಒರಸ್ರೋ ಯಾರರೆ," ಅಂದರು. ಕೋಣನ ಮುಂದೆ ಕಿನ್ನರಿ ಬಾರಿಸಿದೆ ಅಂತ ನಾನು ಮನಸ್ಸಿನಲ್ಲೇ ನಕ್ಕೆ.

ಆಗ ಸವಿತಾ ಬಾಯಿ ತೆಗೆದಳು. ಅಂಗಳದಲ್ಲಿ ಅವಳ ಧ್ವನಿ ನಾನು ಕೇಳಿದ್ದು ಅದೇ ಮೊದಲು.

"ಸರ್, XXY ಅಂದ್ರೇನ್ರಿ?"

ನಾನು ನಕ್ಕುಬಿಟ್ಟೆ. "ತಂಗಿ, ಹಂಗ ಕೂಡಿಸಿ ಓದಬಾರದವಾ. XX ಕೋಶಾ ಬ್ಯಾರೆ, XY ಕೋಶಾ ಬ್ಯಾರೆ. ನಡುವ ಅಡ್ಡಗೆರಿ ಐತಿ ನೋಡು." ಸಾಹೇಬರು ನಕ್ಕರು ಅಂತ ಎಲ್ಲರೂ ನಕ್ಕರು. ಕ್ರೋಮೋಸೋಮ್ ಅನ್ನೋ ಪದವನ್ನು ಮೊದಲ ಸಲ ಕೇಳಿದ ಆಳು ಕೂಡ ನಕ್ಕ. ಅವಳು ನಗಲಿಲ್ಲ, ನಾಚಲೂ ಇಲ್ಲ. ಬಾಗಿಲ ಮೇಲಿನ ಅಕ್ಷರಗಳನ್ನು ಒಂದು ಗಳಿಗೆ ನೋಡಿ, ಬಕೀಟನ್ನು ಗೌರಿಯ ಮುಂದಿಟ್ಟು ಒಳಗೆ ಹೋದಳು.

ರಕ್ತವನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಲ್ಯಾಬಿಗೆ ಕಳಿಸಿದೆ. ಜೀವಂತ ಕೋಶಗಳನ್ನು ಮೂರು ದಿನ ಬೆಳೆಸಿ, ಒಡೆದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಎಣಿಸಬೇಕು. ಸರದಿಯೂ ಇರುತ್ತದೆ. ಗೌಡರು ಹಿರಿಯರ ಸಭೆಯನ್ನು ಮುಂದೂಡಿದರು. ಸರ್ಕಾರಿ ಶಿಕ್ಕೆಯ ಜೊತೆಗೆ ಲ್ಯಾಬಿನ ಶಿಕ್ಕೆಯೂ ಸಿಗುತ್ತದಲ್ಲ, ಅವರಿಗೆ ಅದೇ ಖುಷಿ. ನಾಲ್ಕನೇ ವಾರ ವರದಿ ಬಂತು. ಎಣಿಸಿದ ಐವತ್ತು ಕೋಶಗಳಲ್ಲಿ ಮೂವತ್ತೊಂದು XX, ಹತ್ತೊಂಬತ್ತು XY. ಗೌರಿ ಫ್ರೀಮಾರ್ಟಿನ್ ಅನ್ನುವುದರಲ್ಲಿ ಎಳ್ಳಷ್ಟೂ ಅನುಮಾನ ಉಳಿಯಲಿಲ್ಲ.

ಮುಂದಿನ ಸೋಮವಾರ ಸಭೆ. ಸೋಮವಾರ ಎತ್ತು ಹೂಡುವುದಿಲ್ಲವಾದ್ದರಿಂದ ಊರಿನ ಹಿರಿಯರಿಗೆ ಬೇರೆಯವರ ಬಾಳು ಹೂಡಲು ಬಿಡುವಿರುತ್ತದೆ. ಗೌಡರ ಪಡಸಾಲೆಯಲ್ಲಿ ಜಮಖಾನ ಹಾಸಿತ್ತು. ನಾಲ್ಕು ಜನ ಹಿರಿಯರು, ಅವರಲ್ಲಿ ದೊಡ್ಡವರು ಮರಿಯಪ್ಪಜ್ಜ. ಮೂಲೆಯಲ್ಲಿ ಟೋಪಿ ಕೈಯಲ್ಲಿ ಹಿಡಿದು ಚನ್ನಪ್ಪ. ಕಂಬಕ್ಕೆ ಆತುಕೊಂಡು ಮಂಜುನಾಥ. ನಡುಮನೆಯ ಬಾಗಿಲಲ್ಲಿ ನೀಲಮ್ಮ, ಅವರ ಹಿಂದೆ ಸವಿತಾ. ಗೌಡರು ನನ್ನನ್ನು ಪಕ್ಕದಲ್ಲೇ ಕೂಡಿಸಿಕೊಂಡರು.

ನಾನು ಹುಮ್ಮಸ್ಸಿನಲ್ಲಿದ್ದೆ. ವಿಜ್ಞಾನದಿಂದ ಈ ಹುಡುಗಿಯನ್ನು ಉಳಿಸುತ್ತೇನೆ ಅನ್ನುವ ಭ್ರಮೆ ನನಗೆ. ವರದಿ ಓದಿದೆ, ಅರ್ಥ ಬಿಡಿಸಿ ಹೇಳಿದೆ. ಆಕಳು ಗೊಡ್ಡಾದದ್ದು ಸೊಸೆಯ ಕಾಲ್ಗುಣದಿಂದಲ್ಲ, ಯಾರ ದೃಷ್ಟಿಯಿಂದಲೂ ಅಲ್ಲ, ತಾಯಿಯ ಹೊಟ್ಟೆಯಲ್ಲಿದ್ದಾಗ ಜೊತೆಗಿದ್ದ ಹೋರಿಗರುವಿನ ರಕ್ತದಿಂದ ಅಂದೆ. ಹೇಳಿ ಮುಗಿಸಿ, ಎಲ್ಲರೂ ತಲೆದೂಗುತ್ತಾರೆ ಅಂತ ಕಾದೆ.

ಮರಿಯಪ್ಪಜ್ಜ ಎಲೆ ಅಡಿಕೆ ಒಂದು ಕೆನ್ನೆಯಿಂದ ಇನ್ನೊಂದಕ್ಕೆ ತಳ್ಳಿದ. "ಹೋರಿಗರದ ಜೋಡಿ ಬಿದ್ದ ಹೆಣ್ಣಗರಾ ಗಬ್ಬ ಕಟ್ಟಂಗಿಲ್ಲ ಅನ್ನೂದು ನಮ್ಮ ಮುತ್ತ್ಯಾಗೂ ಗೊತ್ತಿತ್ತು. ಇದಕ್ಕ ಲ್ಯಾಬ್ ಯಾಕ ಬೇಕಿತ್ರಿ ಡಾಕ್ಟರ್ರ? ದನಾ ಕಾಯೂ ಯಾಂವನ್ನ ಕೇಳಿದ್ರೂ ಹೇಳ್ತಿದ್ದ."

ಗೌಡರು ತೊಡೆ ತಟ್ಟಿದರು. "ಹಂಗಾರ ಬೀಗರಿಗೂ ಗೊತ್ತಿರಬೇಕಲ್ಲ ಅಜ್ಜಾ! ಫೋನಿನ್ಯಾಗ ಒಂದ ಹುಟ್ಟಿತ್ತು ಅಂದ್ರು. ಗೊತ್ತಿದ್ದೂ ಗೊಡ್ಡಮಣಕಾ ಬಳುವಳಿ ಕೊಟ್ಟಾರ. ಆಕಳದಾಗ ಮೋಸಾ ಮಾಡಿದಾಂವ ಮಗಳದಾಗ ಬಿಡ್ತಾನ?"

ಚನ್ನಪ್ಪ ನೆಲ ನೋಡಿದ. ಅಲ್ಲಗಳೆಯಲಿಲ್ಲ. ಉಪಯೋಗಕ್ಕೆ ಬಾರದ ಮಣಕವನ್ನು ಅರಿಷಿಣ ಹಚ್ಚಿ ಮಗಳ ಹಿಂದೆ ಅಟ್ಟಿದ ಗಂಡಸು ಅವನು. ದಾನದ ಆಕಳ ಹಲ್ಲು ಎಣಿಸಬಾರದು ಅಂತಾರೆ. ಎಣಿಸುವುದಿಲ್ಲ ಅನ್ನುವ ಧೈರ್ಯದ ಮೇಲೆಯೇ ಇಂಥ ದಾನಗಳು ನಡೆಯುತ್ತವೆ. ನನಗೆ ಅವನ ಮೇಲೆ ಅಸಹ್ಯ ಬಂತು. ಆದರೆ ಸವಿತಾಳನ್ನು ಉಳಿಸಲು ತಂದ ಕಾಗದ ಅವಳ ಕೊರಳಿಗೇ ಬಿದ್ದಿತ್ತು. ಗೌಡರು ವರದಿಯನ್ನು ನನ್ನ ಕೈಯಿಂದ ಕಿತ್ತುಕೊಂಡು ಹಿರಿಯರ ಮುಂದೆ ಹಿಡಿದಿದ್ದರು. "ಇವತ್ತ ಟೆಂಪೋ ತರಸ್ತೇನಿ. ಆಕಳಾನೂ ಒಯ್ರಿ, ಮಗಳನ್ನೂ ಒಯ್ರಿ." ಹಿರಿಯರು ಹೌದ್ಹೌದು ಅಂತ ಗೋಣು ಹಾಕುತ್ತಿದ್ದರು.

ಸವಿತಾ ಅತ್ತೆಯನ್ನು ದಾಟಿ ಮುಂದೆ ಬಂದಳು.

"ಒಳಗ ಹೋಗ," ಅಂದರು ಗೌಡರು.

"ಹೋಗ್ತೇನ್ರಿ ಮಾವಾರ. ಎರಡ ಮಾತ ಹೇಳಿ ಹೋಗ್ತೇನಿ." ಅವಳು ಕೂತವರನ್ನೆಲ್ಲ ಬಿಟ್ಟು ಅಪ್ಪನ ಕಡೆ ನೋಡಿದಳು. "ಅವಳಿ ಇದ್ದದ್ದು ಖರೇರಿ. ತಾಯಿಗೆ ಹಾಲ ಸಾಲಲಿಲ್ಲ ಅಂತ ಎರಡಕ್ಕೂ ಬಾಟ್ಲಿ ಹಿಡದಾಕಿ ನಾನ. ನಮ್ಮಪ್ಪ ಗೊತ್ತಿದ್ದೂ ಕೊಟ್ಟಾನ. ನನಗೂ ಗೊತ್ತಿತ್ತು. ಅಪ್ಪನ ಮರ್ಯಾದಿ ಹೋಗ್ತೈತಿ ಅಂತ ಮೂರ ವರ್ಷ ಸುಮ್ನ ಇದ್ದೆ. ಯಾರೂ ಕೇಳಲೂ ಇಲ್ಲ. ಇವತ್ತ ಹೋತು ಬಿಡ್ರಿ ಅದು."

ಚನ್ನಪ್ಪ ಟೋಪಿಯಿಂದ ಮುಖ ಮುಚ್ಚಿಕೊಂಡ.

"ಆಕಳದ ತಪಾಸಣಿ ಆತು. ನಂದೂ ಆಗೇತಿ. ಎರಡ ವರ್ಷದಾಗ ಅತ್ತಿಯವರು ಮೂರ ದವಾಖಾನಿ ತೋರಿಸ್ಯಾರ. ಸ್ಕ್ಯಾನಿಂಗ್, ಬಣ್ಣಾ ಹಾಕಿ ತಗಿಯೂ ಎಕ್ಸರೇ, ಎಲ್ಲಾ ಛಲೋ ಐತಿ ಅಂತ ಬರದಾರ. ಹೋರಿನ್ನ ನೋಡದ, ಆಕಳಿಗೆ ಹೆಸರಿಡಬಾರದು ಅಂತ ಅವತ್ತ ಸರ್ ಹೇಳಿದ್ರಲ್ಲ? ಒಂದ ಕೇಳ್ತೇನ್ರಿ ಮಾವಾರ. ನಮ್ಮಪ್ಪ ಗೊತ್ತಿದ್ದೂ ಕೊಟ್ಟಾ. ನೀವು ನನಗ ನಿಮ್ಮ ಮಗನ್ನ ಗೊತ್ತಿಲ್ಲದ ಕೊಟ್ರೋ, ಗೊತ್ತಿದ್ದ ಕೊಟ್ರೋ?"

ಇಷ್ಟು ಹೇಳಿ ಅವಳು ಸೆರಗಿನಡಿಯಿಂದ ಒಂದು ಹಳೆಯ ಲಕೋಟೆ ತೆಗೆದಳು. ಅಂಚು ಹಳದಿಯಾಗಿತ್ತು, ಹುಬ್ಬಳ್ಳಿಯ ಒಂದು ದೊಡ್ಡ ಆಸ್ಪತ್ರೆಯ ಗುರುತಿತ್ತು. ಬಿಚ್ಚಲಿಲ್ಲ. ಯಾರಿಗೂ ತೋರಿಸಲಿಲ್ಲ. ಸುಮ್ಮನೆ ಹಿಡಿದುಕೊಂಡು ನಿಂತಳು. ಬಾಗಿಲಲ್ಲಿದ್ದ ನೀಲಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಗೌಡರ ಕೈ ಹೆಗಲಿಗೆ ಹೋಗಲಿಲ್ಲ, ಆದರೆ ಮುಖದ ರಕ್ತ ಇಳಿದುಹೋಯಿತು.

ಕಂಬದ ಬಳಿಯಿಂದ ಮಂಜುನಾಥ ಬಂದ. ಅವಳ ಕೈಯಿಂದ ಲಕೋಟೆ ತೆಗೆದುಕೊಂಡು ಅಪ್ಪನ ಮುಂದಿಟ್ಟ.

"ಓದ್ರಿ ಅಪ್ಪಾ. ಹನ್ನೊಂದ ವರ್ಷ ಟ್ರಂಕಿನ್ಯಾಗ ಇಟ್ರಿ, ನನಗ ಓದಾಕ ಕೊಡಲಿಲ್ಲ. ರಕ್ತಾ ಕಡಿಮಿ ಐತಿ, ಟಾನಿಕ್ ಕುಡಿ ಅಂದ್ರಿ. ನಿನ್ನೆ ಅಕಿ ಓದಿ ಹೇಳಿದ್ಲು."

ಗೌಡರ ಪಕ್ಕದಲ್ಲೇ ಕೂತಿದ್ದ ನನಗೆ, ಅವರು ಲಕೋಟೆಯಿಂದ ಅರ್ಧ ಎಳೆದು ಗಕ್ಕನೆ ಒಳಗೆ ತಳ್ಳಿದ ಹಾಳೆಯ ಕೊನೆಯ ಸಾಲು ಕಾಣಿಸಿತು: 47, XXY.

ಅವತ್ತು ಅಂಗಳದಲ್ಲಿ ಸವಿತಾ ಕೇಳಿದ್ದು ಇದನ್ನೇ. ಒಂದು X ಹೆಚ್ಚಿಗೆ ಇಟ್ಟುಕೊಂಡು ಹುಟ್ಟುವ ಗಂಡಸರು ಸಾವಿರಕ್ಕೆ ಒಬ್ಬರೋ ಇಬ್ಬರೋ ಇರುತ್ತಾರೆ. ಅವರು ಗಂಡಸರೇ, Y ಇದೆ, ಗಂಡಸಿನ ಮೈ ಇದೆ. ಆದರೆ ವೃಷಣ ಸಣ್ಣದಾಗಿ ಉಳಿದು, ಬಹುತೇಕರ ವೀರ್ಯದಲ್ಲಿ ವೀರ್ಯಾಣು ಇರುವುದಿಲ್ಲ. ಹದಿನಾರರ ವಯಸ್ಸಿನಲ್ಲಿ ಗೊತ್ತಾದರೆ ಆಗಿನಿಂದಲೇ ಹಾರ್ಮೋನ್ ಕೊಟ್ಟು ಮೂಳೆ, ಶಕ್ತಿ ಕಾಪಾಡಬಹುದು. ಹುಡುಗನಿಗೆ ಹದಿನಾರಾಗಿದ್ದಾಗಲೇ ಗೊತ್ತಾಗಿತ್ತು. ತಾಯಿತಂದೆ ಅದನ್ನು ಟ್ರಂಕಿನ ತಳಕ್ಕೆ ಹಾಕಿ, ಮೇಲೆ ರೇಷ್ಮೆ ಸೀರೆ ಮುಚ್ಚಿ, ಹನ್ನೊಂದು ವರ್ಷ ಅವನಿಗೆ ಟಾನಿಕ್ ಕುಡಿಸಿದ್ದರು. ಮಗನ ಆರೋಗ್ಯಕ್ಕಿಂತ ಮನೆತನದ ಮೀಸೆ ದೊಡ್ಡದಾಗಿತ್ತು. ಆಮೇಲೆ ಅವನಿಗೊಂದು ಹುಡುಗಿ ತಂದು, ಎರಡು ವರ್ಷ ಅವಳನ್ನು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಸಿ, ಈಗ ಗೊಡ್ಡು ಅಂತ ಶಿಕ್ಕಾ ಒತ್ತಿಸಲು ನನ್ನ ಹತ್ತಿರ ಬಂದಿದ್ದರು.

"ಏನದು ಕಾಗದಾ?" ಅಂತ ಮರಿಯಪ್ಪಜ್ಜ ಕೈ ಚಾಚಿದ.

ಗೌಡರು ಲಕೋಟೆಯನ್ನು ಅಂಗಿಯ ಒಳಗೆ ಸೇರಿಸಿದರು. "ಏನಿಲ್ರಿ ಅಜ್ಜಾ. ಅದು ಮನಿ ವಿಷಯ."

ಆ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. ಐದು ನಿಮಿಷದ ಹಿಂದೆ ಸೊಸೆಯ ಹೊಟ್ಟೆ ಊರಿನ ವಿಷಯವಾಗಿತ್ತು. ಜಮಖಾನ ಹಾಸಿ, ಚಹಾ ಕೊಟ್ಟು, ಸರ್ಕಾರಿ ನೌಕರನನ್ನು ಕರೆಸಿ ಚರ್ಚಿಸುವ ವಿಷಯ. ಮಗನ ಕಾಗದ ಹೊರಬಿದ್ದ ಕೂಡಲೇ ಅದು ಮನೆಯ ವಿಷಯವಾಯಿತು. ಹಿರಿಯರಿಗೆ ಕಾಗದ ಓದಲು ಬರದಿದ್ದರೂ ಮುಖ ಓದಲು ಬರುತ್ತಿತ್ತು. ಒಬ್ಬರಿಗೆ ಬಸ್ಸಿನ ನೆನಪಾಯಿತು, ಇನ್ನೊಬ್ಬರಿಗೆ ಎಮ್ಮೆಯ ನೆನಪಾಯಿತು. ಹತ್ತು ನಿಮಿಷದಲ್ಲಿ ಪಡಸಾಲೆ ಖಾಲಿ. ಹೊರಗೆ ಬಂದಾಗ ಕೊಟ್ಟಿಗೆಯ ಬಾಗಿಲು ಕಂಡಿತು. ನನ್ನ ಅಕ್ಷರಗಳನ್ನು ಯಾರೋ ಒದ್ದೆ ಬಟ್ಟೆಯಿಂದ ಒರೆಸಿದ್ದರು, ಗುರುತು ಪೂರಾ ಹೋಗಿರಲಿಲ್ಲ.

ಆಮೇಲೆ ನಡೆದದ್ದನ್ನು ಸವಿತಾಳಿಂದಲೇ ಕೇಳಿ ತಿಳಿದೆ. ಬೆಳೆವಿಮೆಯ ಕಾಗದ ಹುಡುಕುವಾಗ, ನಾನು ಅವರ ಮನೆಗೆ ಹೋಗುವ ಕೆಲವು ತಿಂಗಳ ಮೊದಲೇ, ಆ ಲಕೋಟೆ ಅವಳ ಕೈಗೆ ಸಿಕ್ಕಿತ್ತು. ಗಂಡನ ಹೆಸರು, ಒಂದು ಸಂಖ್ಯೆ, ಮೂರು ಇಂಗ್ಲಿಷ್ ಅಕ್ಷರ. ಏನೂ ಅರ್ಥವಾಗಿರಲಿಲ್ಲ. ಬಾಗಿಲ ಮೇಲೆ ನಾನು XX, XY ಬರೆದಾಗ ಅವಳಿಗೆ ಥಟ್ಟನೆ ಹೊಳೆದಿತ್ತು, ಅದಕ್ಕೇ ಕೇಳಿದ್ದಳು. ನಾನು ನಕ್ಕ ನಾಲ್ಕನೇ ದಿನ, ಹುಬ್ಬಳ್ಳಿಯ ದುರ್ಗದಬೈಲು ಪೇಟೆಗೆ ಬಳೆ ಇಡಿಸಿಕೊಳ್ಳಲು ಹೋಗುತ್ತೇನೆ ಅಂತ ಹೇಳಿ ಬಸ್ಸು ಹತ್ತಿದ್ದಳು. ತನ್ನನ್ನು ತಪಾಸಣೆ ಮಾಡಿದ್ದ ಡಾಕ್ಟರಮ್ಮನ ಮುಂದೆ ಲಕೋಟೆ ಇಟ್ಟು ಎಲ್ಲ ತಿಳಿದುಕೊಂಡು, ಬರುವಾಗ, ಮನೆಯಲ್ಲಿ ಹೇಳಿದ ಮಾತು ಸುಳ್ಳಾಗಬಾರದು ಅಂತ ಬಳೆಯನ್ನೂ ಇಡಿಸಿಕೊಂಡು ಬಂದಿದ್ದಳು. ಸಭೆಯ ಹಿಂದಿನ ದಿನದವರೆಗೆ ಯಾರಿಗೂ ಹೇಳಿರಲಿಲ್ಲ. ಗಂಡನಿಗೆ ಹೇಳಿದ್ದು ಆ ದಿನವೇ.

ಟೆಂಪೋ ಬಂದದ್ದು ನಿಜ. ಚನ್ನಪ್ಪ ಗೌರಿಯನ್ನು ಮಾತ್ರ ಹತ್ತಿಸಿಕೊಂಡು ಹೋದ. ಟೆಂಪೋ ಹೊರಡುವಾಗ ಮಗಳು ಅವನಿಗೆ, "ಇದನ್ನ ಮತ್ತ್ಯಾರಿಗೂ ಕೊಡಬ್ಯಾಡಪ್ಪಾ. ಸಾಯೂತನಕ ನೀನ ಸಾಕು," ಅಂದಳಂತೆ. ಅವನು ಸಾಕುತ್ತಿದ್ದಾನೆ. ಗಂಡಹೆಂಡತಿ ಆ ವರ್ಷದ ದೀಪಾವಳಿಗೆ ಮುಂಚೆಯೇ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಎರಡು ಕೋಣೆ ಬಾಡಿಗೆ ಹಿಡಿದರು. ಅವನು ಹಾರ್ಮೋನ್ ಚಿಕಿತ್ಸೆ ತೆಗೆದುಕೊಳ್ಳುತ್ತಿದ್ದಾನೆ, ಒಂದು ಬೀಜಗೊಬ್ಬರದ ಅಂಗಡಿಯಲ್ಲಿ ಕೆಲಸ. ಅವಳು ಹಾಲಿನ ಡೇರಿಯಲ್ಲಿ ಫ್ಯಾಟ್ ಅಳೆಯುತ್ತಾಳೆ. ಮಕ್ಕಳ ವಿಷಯ ನಾನು ಕೇಳಿಲ್ಲ. ಅದನ್ನಷ್ಟಾದರೂ ಕಲಿತಿದ್ದೇನೆ.

ಮರುವಾರವೇ ನಮ್ಮ ರಿಜಿಸ್ಟರಿನಲ್ಲಿ ಕೆಂಪು ಶಾಯಿಯಿಂದ ಎರಡು ಕಾಲಮ್ ಎಳೆದೆ: 'ಅವಳಿಯೋ?', 'ಮೇವು ಹಾಕುವವರು ಯಾರು? ಅವರನ್ನು ಕೇಳಿದ್ದೀರಾ?' ನಿವೃತ್ತಿಯಾಗುವವರೆಗೆ ಎರಡನೆಯ ಕಾಲಮ್ಮಿನಲ್ಲಿ ನಾನು ಬರೆದ ಹೆಸರುಗಳಲ್ಲಿ ಮುಕ್ಕಾಲು ಪಾಲು ಹೆಂಗಸರವು. ನನ್ನ ನಂತರ ಬಂದವರು ಆ ಕಾಲಮ್ಮುಗಳನ್ನು ತೆಗೆದಿದ್ದಾರೆ ಅಂತ ಕೇಳಿದೆ. ಆಶ್ಚರ್ಯವಾಗಲಿಲ್ಲ.

ನಿವೃತ್ತಿಯ ಮೇಲೆ ನಾನೂ ಬೆಂಗೇರಿಯಲ್ಲೇ ಇದ್ದೇನೆ. ಹೋದ ವರ್ಷ ಡೇರಿಯ ಮುಂದೆ ಸವಿತಾ ಸಿಕ್ಕಳು. ಎಷ್ಟೋ ವರ್ಷದಿಂದ ಗಂಟಲಲ್ಲಿದ್ದ ಮಾತನ್ನು ಆಡಿಬಿಟ್ಟೆ. "ತಂಗಿ, ಅವತ್ತ ನೀ ಸರಿಯಾದ ಪ್ರಶ್ನೆ ಕೇಳಿದ್ದಿ. ನಾ ನಕ್ಕೆ. ತಪ್ಪಾತವಾ. ಅವತ್ತ ನಾ ಸರಿಯಾಗಿ ಉತ್ತರಾ ಹೇಳಿದ್ರ ನಿನಗ ಅಷ್ಟ ದಿನದ ತ್ರಾಸ ತಪ್ಪತಿತ್ತು."

ಅವಳು ಹಾಲಿನ ಕ್ಯಾನಿನ ಮುಚ್ಚಳ ಬಿಗಿಮಾಡುತ್ತಲೇ ಹೇಳಿದಳು. "ನೀವು ನಕ್ಕದ್ದ ಛಲೋ ಆತ್ರಿ ಸರ್. ನಿಮಗ ಅದು ಹೊಳದಿದ್ರ, ಅಲ್ಲೇ ಅಂಗಳದಾಗ, ಎಲ್ಲಾರ ಮುಂದ, ಬಾಗಲದ ಮ್ಯಾಲೆ ಬರದ ತೋರಿಸ್ತಿದ್ರಿ."

ಹೌದು. ತೋರಿಸುತ್ತಿದ್ದೆ.